ಬಾಲ ಕತ್ತರಿಸುವ ಮೊದಲು

ನಾನು ಮೊದಲು ಮೇಷ್ಟ್ರಾಗಿ ಹೋದದ್ದು ಗಾಳಿಬೀಡಿನಿಂದ ಆಚೆ, ಗುಡ್ಡದ ಬೆನ್ನಿಗೆ ಅಂಟಿಕೊಂಡಿದ್ದ ಒಂದು ಊರಿಗೆ. ಅಲ್ಲಿ ಬೇಟೆಯ ಹಂದಿಯನ್ನು ಪಾಲು ಮಾಡುವುದಕ್ಕೆ ಒಂದು ಕಟ್ಟಳೆ ಇತ್ತು. ಗುಂಡು ಹೊಡೆದವನಿಗೆ ತಲೆಯೂ ಒಂದು ತೊಡೆಯೂ. ಪೊದೆ ಬಡಿದು ಹಂದಿ ಎಬ್ಬಿಸಿದವರಿಗೆ, ಅವರ ನಾಯಿಗಳಿಗೆ, ಒಂದೊಂದು ಪಾಲು. ಅವರಲ್ಲದೆ, ಸತ್ತ ಹಂದಿಯ ಬಾಲ ಕತ್ತರಿಸುವ ಮೊದಲು ಅದರ ಮೈಯನ್ನು ಯಾರು ಮುಟ್ಟಿದರೋ ಅವರಿಗೂ ಪಾಲು. ಸೌದೆ ಹೊತ್ತು ಆ ದಾರಿಯಲ್ಲಿ ಹೋಗುತ್ತಿದ್ದವನಾದರೂ ಸರಿ, ಹೊರೆ ಇಳಿಸಿ ಬಂದು ಒಂದು ಸಲ ಕೈ ಇಟ್ಟರೆ ಅವನೂ ಬೇಟೆಗಾರನೇ. ಬಾಲ ಬಿದ್ದ ಮೇಲೆ ಬಂದವನು ಯಾರೇ ಆಗಲಿ, ಆ ಬೇಟೆಯಲ್ಲಿ ಅವನು ಇರಲಿಲ್ಲ. ಅದರ ಮೇಲೆ ಮಾತಿಲ್ಲ.

ಈ ಕಟ್ಟಳೆ ಒಂದು ಮನೆಯನ್ನು ಸೀಳಿಹಾಕಿತ್ತು. ನಾನು ಊಟ ವಸತಿಗೆ ಇದ್ದದ್ದು ಆ ಮನೆಯಲ್ಲೇ.

ನಾನು ಹೋಗುವುದಕ್ಕೆ ಎರಡು ತಿಂಗಳ ಹಿಂದೆ ಆ ಮನೆಯ ಅಣ್ಣ ತಮ್ಮ ಇಬ್ಬರೂ ಬೇಟೆಗೆ ಹೋಗಿದ್ದರು. ಗುಂಡು ತಿಂದ ಒಂಟಿಗ ಹಂದಿ ತಿರುಗಿಬಿತ್ತು. ತಮ್ಮನ ತೊಡೆಗೆ ಕೋರೆ ಹಾಕಿ ಹೊಕ್ಕುಳವರೆಗೆ ಎಳೆದು, ಹಾಗೇ ಕೆಳಗೆ ತೋಡಿನ ಕಡೆಗೆ ನುಗ್ಗಿತು. ಬೇಟೆಯವರೆಲ್ಲ ಅದರ ಹಿಂದೆ ಓಡಿದರು. ತೋಡಿನ ನೀರಿನಲ್ಲಿ ಅದಕ್ಕೆ ಮತ್ತೆ ನಾಲ್ಕು ಗುಂಡು ಬಿದ್ದವು. ಎಲ್ಲರೂ ಮುಟ್ಟಿದರು, ಬಾಲ ಕತ್ತರಿಸಿದರು. ಆಮೇಲೆ ಗುಡ್ಡ ಹತ್ತಿ ಬಂದು ನೋಡಿದರೆ ಅಣ್ಣ ಮೊಣಕೈವರೆಗೆ ರಕ್ತ ಮಾಡಿಕೊಂಡು ತಮ್ಮನ ಹೆಣದ ಹತ್ತಿರ ಕೂತಿದ್ದ. ಅವನ ಕೋವಿ ಹತ್ತು ಹೆಜ್ಜೆ ಆಚೆ ಬಿದ್ದಿತ್ತು.

ಮನೆಗೆ ಬಂದು ಅವನು ಹೇಳಿದ ಮಾತು ಒಂದೇ. "ನಾನು ಹೋಗಿ ಮುಟ್ಟುವಾಗ್ಲೇ ಜೀವ ಹೋಗಿತ್ತು. ಅಂವನಿಗೆ ಎಂತದೂ ಗೊತ್ತಾಗ್ಲಿಲ್ಲ."

ಬೇಟೆಯ ಮುಂದಾಳು ಇದನ್ನು ಹಿಡಿದುಕೊಂಡ. "ಹತ್ತು ಹೆಜ್ಜೆಯಲ್ಲಿ ಇದ್ದವನು ಹೋಗಿ ಮುಟ್ಟುವಾಗ ಜೀವ ಹೋಗಿತ್ತಂತೆ! ಕೋವಿ ಬಿಸಾಕಿ ಓಡಿದ್ದು ನಾನು ಕಣ್ಣಾರೆ ಕಂಡೆ. ಎಲ್ಲ ತಣ್ಣಗಾದ ಮೇಲೆ ಬಂದು ಕೂತುಕೊಂಡ, ಅಷ್ಟೇ." ಹಂದಿಯ ಹತ್ತಿರ ಅವನು ಇರಲಿಲ್ಲ ಎಂಬುದಕ್ಕೆ ಊರೇ ಸಾಕ್ಷಿ. ತಮ್ಮನ ಹತ್ತಿರ ಇದ್ದ ಎಂಬುದಕ್ಕೆ ಯಾರೂ ಇಲ್ಲ. ಪಾಲು ಕೊಡಲಿಲ್ಲ. ಆಮೇಲೆ ಯಾವ ಬೇಟೆಗೂ ಅವನನ್ನು ಕರೆಯಲಿಲ್ಲ.

ಪಾಲು ಹೋದದ್ದಕ್ಕೆ ಅವನು ಬಾಯಿ ತೆರೆದದ್ದನ್ನು ನಾನು ಕಾಣೆ. ಅವನನ್ನು ತಿನ್ನುತ್ತಿದ್ದದ್ದು ತಮ್ಮನ ಹೆಂಡತಿಯ ಮುಖ. ಅವಳು ಊರಿನ ಮಾತನ್ನು ನಂಬಿದ್ದಳು. ಮೊದಲು ಅವಳು ಭಾವನ ಎದುರು ನಿಲ್ಲದೆ ಇದ್ದದ್ದು ಮರ್ಯಾದೆಗೆ. ಈಗ ನಿಲ್ಲದೆ ಇದ್ದದ್ದು ಅಸಹ್ಯಕ್ಕೆ. ಅವನಿಗೆ ಬಡಿಸುವಾಗ ಸೌಟನ್ನು ಅಷ್ಟೆತ್ತರದಿಂದ ಬಿಡುವಳು, ಸಾರು ಅವನ ಮುಖಕ್ಕೆ ಎರಚುತ್ತಿತ್ತು. ಒಂದು ದಿನ ಅವನು ಹೊಡೆದು ತಂದ ಕಾಡುಕೋಳಿಯನ್ನು ಕಾಲು ಹಿಡಿದು ಗಿರ್ರನೆ ತಿರುಗಿಸಿ ಗೊಬ್ಬರದ ಗುಂಡಿಗೆ ಎಸೆದಳು. ಅವರ ತಾಯಿ, ನಾವೆಲ್ಲ ಅಜ್ಜಿ ಎನ್ನುತ್ತಿದ್ದೆವು, ನನ್ನ ಕಡೆ ತಿರುಗಿ, "ಮೇಷ್ಟ್ರೆ, ನಮ್ಮನೇಲಿ ಸತ್ತ ಕೋಳಿಯೂ ಹಾರ್ತದೆ" ಎಂದು ನಕ್ಕಿತು.

ಹೀಗಿರುವಾಗ ಆ ಚಳಿಗಾಲ ಮೈಸೂರಿನಿಂದ ಒಬ್ಬ ಬಂದ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡೋ ಮೂರೋ ವರ್ಷ ಆಗಿತ್ತು. ಆ ಕಡೆಯಿಂದ ಯಾರು ಬಂದರೂ ಜನ ಕಾಪಿ ಕೊಟ್ಟು, ಸಂಶಯದಿಂದ ನೋಡುತ್ತಿದ್ದರು. ನಾನು ಕುಶಾಲನಗರದ ಕಡೆಯವನು ಎಂದು ಎಷ್ಟು ಹೇಳಿದರೂ, ನಮ್ಮ ತಾತ ಹಾಸನದಿಂದ ಬಂದವನೆಂದು ಗೊತ್ತಾದ ದಿನದಿಂದ ನಾನೂ 'ಮೈಸೂರು ಮೇಷ್ಟ್ರು' ಆಗಿದ್ದೆ. ಬಂದವನು ಕಾಲೇಜಿನಲ್ಲಿ ಪಾಠ ಹೇಳುವವನು, ತೆಳ್ಳಗೆ, ಕನ್ನಡಕ. ಸರ್ಕಾರದ ಪ್ರಚಾರದ ವ್ಯಾನಿನಲ್ಲಿ ಬಂದಿದ್ದ. ಅವನ ಕೆಲಸ ಏನೆಂದು ಕೇಳಿ ನನಗೆ ಮೊದಲು ನಗು ಬಂತು. ಪರದೆಯ ಮೇಲೆ ಚಿತ್ರ ನೋಡುವಾಗ ಮನುಷ್ಯ ತಾನು ಕೂತ ಚಾಪೆಯನ್ನು ಎಷ್ಟು ಮರೆಯುತ್ತಾನೆ, ಚಿತ್ರದ ಒಳಗೇ ಇದ್ದೇನೆ ಎಂದು ಎಷ್ಟು ಅನ್ನಿಸುತ್ತದೆ, ಅದನ್ನು ಅಳೆಯಬೇಕಂತೆ. ಅಚ್ಚು ಹಾಕಿಸಿದ ಕಾಗದ ಇತ್ತು. ಒಂದರಿಂದ ಏಳರವರೆಗೆ ಅಂಕೆ. ಒಂದು ಎಂದರೆ 'ಇಲ್ಲೇ ಕೂತಿದ್ದೆ', ಏಳು ಎಂದರೆ 'ಅಲ್ಲೇ ಇದ್ದೆ'.

"ಸರ್, ಇವರಿಗೆ ಅಂಕೆ ಬೇಡ, ಕೈಗೆ ಕಾಪಿ ಬೀಜ ಕೊಡಿ. ಎಷ್ಟು ಅನ್ನಿಸಿತೋ ಅಷ್ಟು ಎಣಿಸಿ ಇಡ್ಲಿ" ಎಂದು ನಾನೇ ಹೇಳಿದೆ.

ಎರಡು ಚಿತ್ರ ತಂದಿದ್ದ. ಒಂದು ಯಾವುದೋ ಬಂದರಿನದು, ಹಡಗು, ಸಮುದ್ರ. ಇನ್ನೊಂದು ಇದೇ ಊರಿನ ಹಂದಿ ಬೇಟೆ. ತಮ್ಮ ಸತ್ತ ಆ ಬೇಟೆಯ ದಿನ ಎಸ್ಟೇಟ್ ಬಂಗಲೆಯ ನೆಂಟನೊಬ್ಬ ಕೀಲಿ ಕೊಡುವ ಕ್ಯಾಮೆರಾ ಹಿಡಿದು ಜೊತೆಗೆ ಹೋಗಿದ್ದ. ಬೇಟೆ ಮುಗಿದ ಸಂಜೆಯೇ ನೆಂಟ ಊರು ಬಿಟ್ಟಿದ್ದ, ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಅವನಿಂದ ಇವನು ರೀಲು ಕೇಳಿ ಪಡೆದಿದ್ದ. ದೂರದ ಊರಿನ ಚಿತ್ರಕ್ಕೂ ಸ್ವಂತ ಕಾಡಿನ ಚಿತ್ರಕ್ಕೂ ಜನ ಇಡುವ ಬೀಜದಲ್ಲಿ ಎಷ್ಟು ವ್ಯತ್ಯಾಸ ಎಂದು ನೋಡುವುದು ಅವನ ಯೋಚನೆ.

"ಅವತ್ತು ಒಬ್ಬ ಸತ್ತ, ಗೊತ್ತಾ ನಿಮಗೆ?" ಎಂದೆ.

"ಪೆಟ್ಟಾಯಿತು ಅಂತ ಹೇಳಿದ್ದರು. ಸತ್ತ ಅಂತ ಹೇಳಲಿಲ್ಲ." ಅವನ ಮುಖ ಇಳಿಯಿತು. "ರೀಲಿನಲ್ಲಿ ಅದೇನೂ ಸರಿಯಾಗಿ ಕಾಣುವುದಿಲ್ಲ. ನಡುವೆ ಕ್ಯಾಮೆರಾ ಕೆಳಗೆ ಬಿದ್ದು ಸ್ವಲ್ಪ ಕೆಟ್ಟಿದೆ."

ಬೇಡ ಎನ್ನಬೇಕಿತ್ತು. ಅನ್ನಲಿಲ್ಲ. ಅಷ್ಟರಲ್ಲಿ ಮುಂದಾಳು ಊರಿಡೀ ಡಂಗುರ ಸಾರಿಬಿಟ್ಟಿದ್ದ, ಹಂದಿ ಹೊಡೆದ ತನ್ನನ್ನು ಪಿಚ್ಚರಿನಲ್ಲಿ ತೋರಿಸುತ್ತಾರೆ ಎಂದು. ಅಣ್ಣನೂ ಸಂಜೆ ಶರ್ಟು ಒಗೆದು ಹಾಕಿಕೊಂಡ. "ಕ್ಯಾಮೆರಾಕ್ಕೆ ಯಾರ ದಾಕ್ಷಿಣ್ಯವೂ ಇಲ್ಲ ಅಲ್ವಾ ಮೇಷ್ಟ್ರೆ?" ಎಂದು ಕೇಳಿದ. ತಮ್ಮನ ಹೆಂಡತಿ ಬರುತ್ತಾಳೋ ಎಂದು ಮೂರು ಸಲ ಬಾಗಿಲ ಕಡೆ ನೋಡಿದ. ಅವಳು ಬಂದಳು, ಅಜ್ಜಿಯ ಕೈ ಹಿಡಿದುಕೊಂಡು, ಹೆಂಗಸರ ಸಾಲಿನ ಕೊನೆಗೆ.

ಏಳು ಗಂಟೆಗೆ ಶಾಲೆಯ ಬಯಲಿನಲ್ಲಿ ಜನರೇಟರ್ ಗುಡುಗಿತು. ಸಮುದ್ರದ ಚಿತ್ರಕ್ಕೆ ಜನ ಮದುವೆ ಮನೆಯಲ್ಲಿ ಊಟಕ್ಕೆ ಕಾಯುವವರಂತೆ ಕೂತಿದ್ದರು. ಆಮೇಲೆ ಹಂದಿ ಬಂತು.

ನಾನು ಅಂಥ ಗದ್ದಲವನ್ನು ಜನ್ಮದಲ್ಲಿ ಕೇಳಿಲ್ಲ. ಸದ್ದಿಲ್ಲದ ಚಿತ್ರ ಅದು. ಸದ್ದನ್ನೆಲ್ಲ ಜನ ಹಾಕಿದರು. ಪೊದೆ ಅಲ್ಲಾಡಿದ್ದೇ ತಡ, "ಬಲಕ್ಕೆ! ಬಲಕ್ಕೆ ಹೊಡಿ!" ಎಂದು ಕೂಗಿದರು. ಕೂತವರು ಎದ್ದರು. ಒಬ್ಬ ಮುದುಕ ಊರುಗೋಲನ್ನು ಹೆಗಲಿಗೆ ಇಟ್ಟು ಗುರಿ ಹಿಡಿದ. ನಾಯಿಗಳು ಪರದೆಯ ಬುಡಕ್ಕೆ ಹೋಗಿ ಬೊಗಳಿದವು. ಹಂದಿ ಪೊದೆಯಿಂದ ಸಿಡಿಯಿತು, ಗುಂಡು ಬಿದ್ದು ಬೆನ್ನಿನ ಕೂದಲು ಎದ್ದಿತು, ಅದು ತಿರುಗಿತು, ಒಂದು ಬಿಳಿ ಅಂಗಿ ಗಾಳಿಯಲ್ಲಿ ಹಾರಿ ಬಿತ್ತು. ಚಿತ್ರ ಬುಡಮೇಲಾಯಿತು. ಆಮೇಲೆ ಬರೀ ಜರಿಗಿಡ, ಮಣ್ಣು, ಏನೋ ಅಡ್ಡಡ್ಡ. "ಪಿಚ್ಚರ್ ಕೆಟ್ಟೋಯ್ತು! ಏ ಆಪರೇಟ್ರೇ, ಮುಂದೆ ಬಿಡು!" ಎಂದು ಬೊಬ್ಬೆ. ಒಬ್ಬರ ಮೇಲೊಬ್ಬರು ಎದ್ದು ನಿಂತಿದ್ದರಿಂದ ಪರದೆಯ ಅರ್ಧ ಜನರ ತಲೆಯ ನೆರಳೇ ತುಂಬಿತ್ತು. ಮತ್ತೆ ಚಿತ್ರ ನೆಟ್ಟಗಾದಾಗ ತೋಡು ಬಂತು. ಸತ್ತ ಹಂದಿ, ಅದರ ಕುತ್ತಿಗೆಯ ಮೇಲೆ ಬೂಟುಗಾಲು ಇಟ್ಟು ನಿಂತ ಮುಂದಾಳು, ಒಬ್ಬೊಬ್ಬರಾಗಿ ಬಂದು ಮುಟ್ಟುವವರು, ಹಲ್ಲು ಬಿಡುವವರು. ಬಯಲಿನಲ್ಲಿ ಶಿಳ್ಳೆ ಹಾರಿತು.

ಅಣ್ಣ ಎಲ್ಲೂ ಇರಲಿಲ್ಲ.

ಅವನು ಎದ್ದ. ಚಾಪೆಗಳನ್ನು, ಜನರನ್ನು ತುಳಿದುಕೊಂಡು ನೆಟ್ಟಗೆ ಪರದೆಗೆ ಹೋದ. ಚಿತ್ರದಲ್ಲಿ ಮುಂದಾಳು ಆಗ ತಾನೇ ಕತ್ತಿ ಎತ್ತಿ ಹಂದಿಯ ಹಿಂಭಾಗಕ್ಕೆ ಬಗ್ಗುತ್ತಿದ್ದ. ಅಣ್ಣ ಎರಡೂ ಅಂಗೈಯನ್ನು ಬಟ್ಟೆಯ ಮೇಲಿನ ಹಂದಿಯ ಹೊಟ್ಟೆಗೆ ಒತ್ತಿ ನಿಂತ. ಅವನ ಬೆನ್ನ ಮೇಲೆಲ್ಲ ತೋಡಿನ ನೀರು ಹರಿಯುತ್ತಿತ್ತು.

"ಮುಟ್ಟಿದ್ದೇನೆ!" ಎಂದು ಕಿರುಚಿದ. "ಬಾಲ ಇನ್ನೂ ಉಂಟು! ಎಲ್ಲರೂ ನೋಡಿ, ಬಾಲ ಉಂಟು, ನಾನು ಮುಟ್ಟಿದ್ದೇನೆ! ನಾನು ಇದ್ದೆ!"

ಯಾರೋ ನಕ್ಕರು. "ಬಟ್ಟೆ ಹಂದಿಗೆ ಬಟ್ಟೆ ಪಾಲು ಕೊಡ್ರೋ!" ಆದರೆ ಮುದುಕರಲ್ಲಿ ಇಬ್ಬರು ಮೂವರು ನಗಲಿಲ್ಲ. "ಮುಟ್ಟಿದ್ದು ಹೌದಲ್ಲ ಮಾರಾಯ, ಬಾಲ ಇತ್ತಲ್ಲ" ಎಂದು ಒಬ್ಬ ಗಟ್ಟಿಯಾಗಿಯೇ ಅಂದ. ಮುಂದಾಳಿಗೆ ಅಷ್ಟು ಸಾಕಾಯಿತು. ಅವನ ಕೈಯಲ್ಲಿ ಐದು ಸೆಲ್ಲಿನ ಟಾರ್ಚು ಇತ್ತು. ಹಿಂದಿನಿಂದ ಹೋಗಿ ಅಣ್ಣನ ತಲೆಗೆ ಬಿಟ್ಟ. ಮೊದಲನೆಯ ಏಟಿಗೆ ಅವನ ಹಣೆ ಪರದೆಗೆ ಬಡಿಯಿತು, ಎರಡನೆಯದಕ್ಕೆ ಮಂಡಿ ಕುಸಿಯಿತು. ಬಿದ್ದವನಿಗೆ ಬೂಟಿನಲ್ಲಿ ಒದ್ದ, ಪಕ್ಕೆಗೆ, ಮುಖಕ್ಕೆ. "ಓಡಿದವನು ನೀನು! ತಮ್ಮನ್ನ ಹಂದಿಗೆ ಕೊಟ್ಟವನು! ಪಾಲು ಬೇಕಾ, ತಗೋ!" ಬಿಡಿಸಲು ಹೋದವರಿಗೂ ಬಿತ್ತು. ಬಿಡಿಸುವವರು ಯಾರು, ಹೊಡೆಯುವವರು ಯಾರು ತಿಳಿಯಲಿಲ್ಲ. ನನ್ನ ತುಟಿ ಒಡೆಯಿತು, ಯಾರ ಮೊಣಕೈಯೋ ಇವತ್ತಿಗೂ ಗೊತ್ತಿಲ್ಲ. ಪರದೆಯ ಒಂದು ಕಂಬ ಮುರಿದು ಬಟ್ಟೆ ಕೆಳಕ್ಕೆ ಜೋತಿತು. ಆ ಮಡಿಕೆಗಳ ಮೇಲೆ ಹಂದಿಯ ಮಾಂಸ ಪಾಲಾಗುತ್ತಲೇ ಇತ್ತು, ಆಪರೇಟರನಿಗೆ ನಿಲ್ಲಿಸಲು ಕೈಯೇ ಬರಲಿಲ್ಲ. ಬಟ್ಟೆಗೆ ಹತ್ತಿದ್ದ ನಿಜವಾದ ರಕ್ತ ಆ ಬೆಳಕಿನಲ್ಲಿ ಕಪ್ಪಗೆ ಕಾಣುತ್ತಿತ್ತು.

ನಾಲ್ಕು ಜನ ಸೇರಿ ಅಣ್ಣನನ್ನು ಚಾಪೆಯ ಮೇಲೆ ಹೊತ್ತು ಮನೆಗೆ ತಂದೆವು. ತಲೆಯ ಚರ್ಮ ಬಾಯಿ ಬಿಟ್ಟಿತ್ತು. ಅಜ್ಜಿ ಅರಿಶಿನ, ಕಾಪಿ ಪುಡಿ ಮೆತ್ತಿ ಬಟ್ಟೆ ಕಟ್ಟಿತು.

ಬೆಳಿಗ್ಗೆ ಮೈಸೂರಿನವನು ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದ. ನಿದ್ದೆ ಮಾಡಿದ ಮುಖವಲ್ಲ. "ಹೋಗಿಬಿಡುತ್ತೇನೆ" ಎಂದ. ಆಮೇಲೆ, "ಆದರೆ ಕೇಳದೆ ಹೋದರೆ ಇಷ್ಟೆಲ್ಲ ಯಾಕೆ ಆಯಿತು ಅಂತಲೂ ಗೊತ್ತಾಗುವುದಿಲ್ಲ" ಎಂದ. ನಾವು ಬೀಜದ ಚೀಲ ಹಿಡಿದು ಮನೆ ಮನೆ ಹತ್ತಿದೆವು.

ಸಮುದ್ರಕ್ಕೆ ಯಾರೂ ಎರಡರ ಮೇಲೆ ಇಡಲಿಲ್ಲ. "ಅಲ್ಲಿ ಇರೋಕೆ ಬಸ್ ಚಾರ್ಜ್ ಕೊಟ್ಟಿದ್ರಾ ನೀವು?" ಎಂದು ಒಬ್ಬಳು ಕೇಳಿದಳು. ಹಂದಿಗೆ ಮಾತ್ರ ಏಳಕ್ಕೆ ಏಳು. ಒಬ್ಬ ಏಳು ಇಟ್ಟು, ಇನ್ನೆರಡು ನಿಮ್ಮ ಲೆಕ್ಕಕ್ಕೆ ಇರಲಿ ಎಂದು ತನ್ನ ಕಣದಿಂದಲೇ ಹೆಕ್ಕಿ ಸೇರಿಸಿದ. ನನಗೆ ಹೆದರಿಕೆ ಹುಟ್ಟಿದ್ದು ಆಮೇಲಿನ ಮಾತಿಗೆ. ಹುಟ್ಟಿದಂದಿನಿಂದ ಬೇಟೆ ಕಾಡಿಗೆ ಕಾಲಿಡದ ಹೆಂಗಸರು, ಅವತ್ತು ಮಡಿಕೇರಿ ಸಂತೆಗೆ ಹೋಗಿದ್ದ ಗಂಡಸರು, ಎಲ್ಲರೂ ಒಂದೇ ಬಾಯಲ್ಲಿ, "ನಾನು ಕಂಡೆನಲ್ಲ, ಅಂವ ಕೋವಿ ಬಿಸಾಕಿ ಓಡಿದ್ದು. ಪಿಚ್ಚರಲ್ಲೇ ಬಂತಲ್ಲ" ಎಂದರು.

"ಅದು ಚಿತ್ರದಲ್ಲಿ ಇಲ್ಲವೇ ಇಲ್ಲ" ಎಂದು ಮೈಸೂರಿನವನು ದಾರಿಯಲ್ಲಿ ನನ್ನ ತೋಳು ಹಿಡಿದ. "ಎಲ್ಲಿ ನೋಡಿದರು ಇವರು?"

ಕೊನೆಗೆ ನಮ್ಮ ಮನೆ. ತಮ್ಮನ ಹೆಂಡತಿ ಹಿತ್ತಲಲ್ಲಿ ಕತ್ತಿ ಹಿಡಿದು ಸೌದೆ ಸೀಳುತ್ತಿದ್ದಳು. ಕಾಗದ ತೋರಿಸುವುದಕ್ಕೆ ನಾಚಿಕೆಯಾಗಿ ಅದನ್ನು ಬೆನ್ನ ಹಿಂದೆ ಹಿಡಿದೆ. ಅವಳೇ ನನ್ನ ಕೈಯಿಂದ ಬೀಜ ತೆಗೆದುಕೊಂಡಳು.

"ಹಂದಿಗೆ ನಾನು ಎಂತದೂ ಇಡುದಿಲ್ಲ. ನಡುವೆ ಪಿಚ್ಚರ್ ಕೆಟ್ಟಿತಲ್ಲ ಮೇಷ್ಟ್ರೆ, ಅದಕ್ಕೆ ಎಷ್ಟು ಇಡ್ಬೇಕು?"

ಅದಕ್ಕೆ ಕಾಗದದಲ್ಲಿ ಜಾಗ ಇರಲಿಲ್ಲ.

"ಎಲ್ಲರೂ ಎದ್ದು ನಿಂತು ಅಡ್ಡ ಆದ್ರು. ಅಲ್ಲಿ ಎಂತದೋ ಇತ್ತು. ಅದೊಂದನ್ನು ನನಗೆ ಇನ್ನೊಂದು ಸಲ ತೋರ್ಸಿ."

ಶಾಲೆಯ ಎರಡು ಕಿಟಕಿಗೂ ಗೋಣಿ ಕಟ್ಟಿದೆವು. ಸುಣ್ಣ ಬಳಿದ ಗೋಡೆಯೇ ಪರದೆ. ಮಧ್ಯಾಹ್ನದ ಬಿಸಿಲು ಗೋಣಿಯ ಸಂದಿನಿಂದ ಬರುತ್ತಿದ್ದರಿಂದ ಚಿತ್ರ ಸ್ವಲ್ಪ ಮಸುಕು, ಆದರೂ ಕಾಣುತ್ತಿತ್ತು. ಅವಳು ಮಕ್ಕಳ ಮಣೆಯ ಮೇಲೆ ಕೂತಳು. ಕ್ಯಾಮೆರಾ ನೆಲಕ್ಕೆ ಬಿದ್ದರೂ ಕೀಲಿ ತೀರುವವರೆಗೆ ಓಡಿತ್ತು. ನೆಲ ಎಡಗಡೆ ಗೋಡೆಯಂತೆ ನಿಂತಿತ್ತು. ಕತ್ತು ವಾಲಿಸಿ ನೋಡಿದರೆ ಎಲ್ಲ ಸ್ಪಷ್ಟ.

ಮೊದಲು ಒಂದು ಜೊತೆ ಬೂಟು ಓಡಿತು, ಬಿದ್ದವನಿಂದ ಆಚೆಗೆ. ಆ ಊರಲ್ಲಿ ಬೂಟು ಹಾಕಿ ಬೇಟೆಗೆ ಹೋಗುವವನು ಒಬ್ಬನೇ. ಆಮೇಲೆ ಎದುರಿನಿಂದ ಬರಿಗಾಲು ಬಂತು, ಬಿದ್ದವನ ಕಡೆಗೆ. ಬಲಗಾಲಿಗೆ ಹೆಬ್ಬೆರಳಿಲ್ಲ. ಅಂಥ ಕಾಲೂ ಊರಿಗೆ ಒಂದೇ. ಮರ ಬಿದ್ದು ಅಣ್ಣನ ಬೆರಳು ಹೋದ ಕಥೆಯನ್ನು ಅಜ್ಜಿ ನನಗೇ ಹೇಳಿತ್ತು. ಕೋವಿ ಹಿಂದೆಯೇ ನೆಲಕ್ಕೆ ಬಿದ್ದಿತ್ತು. ಎರಡು ಮಂಡಿ ಮಣ್ಣಿಗೆ ಊರಿದವು, ಹಾಗೇ ನಿಂತವು. ಅಲ್ಲಾಡಲಿಲ್ಲ.

ಮಂಡಿಗಳ ಆಚೆ ಇನ್ನೊಂದು ಹಿಮ್ಮಡಿ ಇತ್ತು. ಅದು ಮಣ್ಣನ್ನು ಕೆರೆಯಿತು. ನಿಂತಿತು. ಮತ್ತೆ ಕೆರೆಯಿತು. ಜರಿಗಿಡದ ಬೇರು ಕಿತ್ತು ಬರುವಷ್ಟು ಕೆರೆಯಿತು. ಇನ್ನೂ ಕೆರೆಯುತ್ತಿರುವಾಗಲೇ ಕೀಲಿ ಮುಗಿದು ಗೋಡೆ ಬೆಳ್ಳಗಾಯಿತು.

"ಇನ್ನೊಂದು ಸಲ" ಎಂದಳು.

ಮೂರು ಸಲ ನೋಡಿದಳು. ಮೂರನೆಯ ಸಲ ಆ ಹಿಮ್ಮಡಿ ಅಲ್ಲಾಡುವಾಗ ಅವಳ ಹಿಮ್ಮಡಿಯೂ ಶಾಲೆಯ ಸಗಣಿ ನೆಲವನ್ನು ಕೆರೆಯುತ್ತಿತ್ತು. ಮೈಸೂರಿನವನು ಅದನ್ನು ಕಂಡ. ಕಾಗದದ ಕಟ್ಟನ್ನು ಮಡಿಚಿ ಚೀಲಕ್ಕೆ ಹಾಕಿದ. ಸಂಜೆಯೊಳಗೆ ವ್ಯಾನು ಹೊರಟುಹೋಯಿತು. ಹೋಗುವಾಗ ಅವನು ನನ್ನ ಮುಖ ನೋಡಲಿಲ್ಲ, ನಾನೂ ನೋಡಲಿಲ್ಲ.

ಅವಳು ಅಷ್ಟು ಹೊತ್ತು ಕಾಯಲಿಲ್ಲ. ಶಾಲೆಯಿಂದ ನೆಟ್ಟಗೆ ಮನೆಗೆ ನಡೆದಳು, ನಾನು ಹಿಂದೆ ಓಡಿದೆ. ಅಣ್ಣ ಜಗಲಿಯಲ್ಲಿ ಮಲಗಿದ್ದ, ಒಂದು ಕಣ್ಣು ಪೂರಾ ಊದಿ ಮುಚ್ಚಿತ್ತು. ಅಜ್ಜಿ ಪಕ್ಕದಲ್ಲಿ ಅಡಿಕೆ ಕುಟ್ಟುತ್ತಿತ್ತು. ಅವಳು ಹೋಗಿ ಭಾವನ ಎದುರಿಗೇ ನಿಂತಳು. ನಾನು ಆ ಮನೆಗೆ ಬಂದ ಮೇಲೆ ಅದೇ ಮೊದಲು.

"ಮುಟ್ಟುವಾಗ್ಲೇ ಜೀವ ಹೋಗಿತ್ತು ಅಂದ್ರಿ."

ಅವನು ಒಂದೇ ಕಣ್ಣಲ್ಲಿ ಅವಳನ್ನು ನೋಡಿದ. ಏನು ನೋಡಿ ಬಂದಿದ್ದಾಳೆ ಎಂದು ತಿಳಿಯಿತು ಅನ್ನಿಸುತ್ತದೆ, ಎದ್ದು ಕೂರಲು ಹೋದ.

"ನಿನಗೆ ನೋವಾಗ್ತದೆ ಅಂತ ಹಾಗೆ ಅಂದೆ."

ಅವಳು ಹೊಡೆದಳು. ಅಂಗೈಯಲ್ಲಿ ಅವನ ಎದೆಗೆ, ಭುಜಕ್ಕೆ, ಪಟ್ಟಿ ಕಟ್ಟಿದ ತಲೆಗೇ ಹೊಡೆದಳು. "ಓಡಿದವ ಅಂತ ನಾನು ಎಂಟು ತಿಂಗಳು ನಿಮ್ಮ ಮುಖಕ್ಕೆ ಉಗಿದೆ! ನೀವು ಉಗಿಸ್ಕೊಂಡ್ರಿ! ಸುಳ್ಳು ಹೇಳಿ ಉಗಿಸ್ಕೊಂಡ್ರಿ! ಎಷ್ಟು ಹೊತ್ತು? ಹೇಳಿ, ಎಷ್ಟು ಹೊತ್ತು?" ಕಟ್ಟಿದ ಬಟ್ಟೆ ಮತ್ತೆ ಕೆಂಪಾಯಿತು. ನಾನು ಕೈ ಹಿಡಿಯಲು ಹೋದರೆ ನನ್ನನ್ನು ತಳ್ಳಿದಳು. ಅವನು ತಡೆಯಲಿಲ್ಲ.

ಅಜ್ಜಿ ಕುಟ್ಟುವುದನ್ನು ನಿಲ್ಲಿಸಿತು. "ಹೇಳು ಮಗ" ಎಂದಿತು. "ನಾನು ಹೆತ್ತದ್ದು ಅಂವನನ್ನೂ. ನನಗೂ ಹೇಳು."

"ಒಂದು ಎಲೆ ಅಡಿಕೆ ಜಗಿಯುವಷ್ಟು ಹೊತ್ತು" ಎಂದ. ತಡೆದು, "ಅದಕ್ಕಿಂತ ಜಾಸ್ತಿ" ಎಂದ. "ಕರುಳು ಹೊರಗೆ ಬಂದಿತ್ತು. ಒಳಗೆ ಸೇರ್ಸಿ ಎರಡು ಕೈಯಲ್ಲೂ ಒತ್ತಿ ಹಿಡ್ದೆ. ನಿಲ್ಲಲಿಲ್ಲ."

"ಮಾತಾಡಿದ್ರಾ?" ಅವಳು ಕೇಳಿದಳು.

"ಹಂದಿ ಬಿತ್ತಾ ಅಂತ ಕೇಳ್ದ. ಬಿತ್ತು ಅಂದೆ. ಬಿದ್ದಿರ್ಲಿಲ್ಲ, ಕೆಳಗೆ ಇನ್ನೂ ಗುಂಡು ಕೇಳ್ತಿತ್ತು. ಅಂವನಿಗೂ ಕೇಳಿರ್ಬೇಕು."

"ಮತ್ತೆ?"

"ಬೈದ. ಕೈ ತೆಗಿ, ನೋಯ್ತದೆ ಅಂತ ಬೈದ. ಅಮ್ಮನ ಮೇಲೆ ಆಣೆ ಹಾಕಿ ಬೈದ. ನಾನು ತೆಗೀಲಿಲ್ಲ."

ಅವಳು ಅವನ ಎದುರು ನೆಲಕ್ಕೆ ಕೂತಳು. ಅವಳ ಅಂಗೈಗೆ ಅವನ ತಲೆಯ ರಕ್ತ ಹತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಮತ್ತೆ ಎಂತ ಹೇಳಿದ್ರು? ಒಂದನ್ನೂ ಬಿಡ್ಬೇಡಿ."